ಶ್ರೀರಂಗಪಟ್ಟಣ ಕೋಟೆ ಒಳಗೆ ತೊಟ್ಟಿ ಮನೆ, ರಿಪೇರಿಗೂ ಪರ್ಮಿಶನ್ ಬೇಕಾ?

ಕೋಟೆಬೀದಿ: ಎಲ್ರಿಗೂ ನಮಸ್ಕಾರ. ರಂಗನಾಥಸ್ವಾಮಿ ದೇವಸ್ಥಾನದ ಹತ್ರ ನಮ್ಮ ತಾತನ ಕಾಲದ ತೊಟ್ಟಿ ಮನೆ ಇದೆ, ಹೋದ್ ಮಳೆಗಾಲದಲ್ಲಿ ಹಿಂದಿನ ಅಂಕಣದ ಜಂತೆ ಮುರಿದು ನಾಡಹೆಂಚೆಲ್ಲ ಕೆಳಗೆ ಬಂತು, ಈಗ ಟಾರ್ಪಾಲ್ ಹೊದ್ಸಿದೀವಿ. ತಮ್ಮನ ಮದ್ವೆ ಬೇರೆ ಇದೆ, ರಿಪೇರಿ ಜೊತೆಗೆ ಮೇಲೊಂದು ರೂಮೂ ಹಾಕ್ಸಿಬಿಡೋಣ ಅಂತಾರೆ ಅಪ್ಪ. ಎಎಸ್‌ಐ, ಅಂದ್ರೆ ಕೇಂದ್ರದ ಪುರಾತತ್ವ ಇಲಾಖೆಯ ಎನ್‌ಒಸಿ (ಒಪ್ಪಿಗೆ ಪತ್ರ) ಬೇಕು ಅಂತ ಒಬ್ರು ಹೇಳಿದ್ರು. ಗೋಪುರದಿಂದ ಅಳೆದ್ರೆ 100 ಮೀಟರ್ ದಾಟ್ತದೆ. ಇಷ್ಟೆಲ್ಲ ಕಟ್ಟುಪಾಡು ಹಾಕ್ತಾರಲ್ಲ, ಕಂದಾಯದಲ್ಲಿ ಏನಾದ್ರೂ ಬಿಡ್ತಾರಾ?

ಸುಣ್ಣಗಾರೆ: ಗೋಪುರದಿಂದ ಅಳೀಬಾರ್ದು ಸಾರ್, ಸಂರಕ್ಷಿತ ಜಾಗದ ಗಡಿಯಿಂದ ಅಳೀಬೇಕು. ದೇವಸ್ಥಾನ ಒಂದೇ ಅಲ್ಲ, ಟಿಪ್ಪು ಕಾಲದ ಸೆರೆಮನೆ ಬೇಲಿ ಡಂಜನ್, ಟಿಪ್ಪು ದೇಹ ಸಿಕ್ಕಿದ ಜಾಗ ಎಲ್ಲಾನೂ ಲಿಸ್ಟಲ್ಲಿದೆ, ಯಾವುದಕ್ಕೆ ಹತ್ರಾನೋ ಅದೇ ಲೆಕ್ಕ. ಮೊದಲ 100 ಮೀಟರ್ ನಿಷೇಧಿತ, ಅದರಾಚೆ ಇನ್ನೊಂದು 200 ನಿಯಂತ್ರಿತ (ಪರ್ಮಿಶನ್ ತಗೊಂಡು ಕಟ್ಟೋ ಜಾಗ), ಇದು ಪ್ರಾಚೀನ ಸ್ಮಾರಕ ಕಾಯ್ದೆಗೆ ಬಂದ 2010ರ ತಿದ್ದುಪಡಿ. ನಿಷೇಧಿತದೊಳಗೆ ಬಂದ್ರೆ ಮೇಲಿನ ರೂಮು ಮರೆತ್ಬಿಡಿ, ಮೇಲಕ್ಕೇರಿಸಿದ್ರೂ ಪಕ್ಕಕ್ಕೆ ಚಾಚಿದ್ರೂ ಅದು ಹೊಸ ನಿರ್ಮಾಣಾನೇ. ಆದ್ರೆ ರಿಪೇರಿಗೆ ದಾರಿ ಇದೆ, ಮನೆ 1992 ಜೂನ್ 16ಕ್ಕೆ ಮುಂಚೆ ಇತ್ತು ಅಂತ ತೋರಿಸಿ ಪರ್ಮಿಶನ್ ತಗೋಬೇಕು, ಹಳೇ ಕಂದಾಯ ರಸೀದಿ, ಖಾತೆ, ಫೋಟೋ ಏನ್ ಸಿಕ್ಕಿದ್ರೂ ಎತ್ತಿಟ್ಕೊಳ್ಳಿ. ಪೂರ್ತಿ ಕೆಡವಿ ಅಷ್ಟೇ ಅಳತೆಗೆ ಕಟ್ತೀನಿ ಅಂದ್ರೂ ಅದು ರಿಪೇರಿ ಲೆಕ್ಕಕ್ಕೆ ಬರಲ್ಲ, ಹುಷಾರು.

ಮಂಡ್ಯಮಲ್ಲ: ಇದೇ ನೋಡಿ ಸಾ, ಮನೆ ನಮ್ದು, ಕಾಯೋ ಕೆಲ್ಸಾನೂ ನಮ್ದು, ಒಂದ್ ರೂಪಾಯಿ ಕೊಡೋರಿಲ್ಲ. ಭಾನುವಾರ ನಾಕ್ ಆಳ್ ಇಟ್ಟು ಮೋಲ್ಡ್ ಹಾಕ್ಸಿ ಬುಡಿ, ಆಮೇಲೆ ಯಾರ್ ಕೇಳ್ತರೆ.

ಸುಣ್ಣಗಾರೆ: ಅಣ್ಣಾ ನಿಮ್ಮ ಮಾತು ಕೇಳಿ ಮಾಡಿದ್ರೆ ಎರಡು ವರ್ಷದವರೆಗೂ ಜೈಲು ಇಲ್ಲ ಒಂದ್ ಲಕ್ಷದವರೆಗೂ ದಂಡ, ಎರಡೂ ಹಾಕಬಹುದು. ಕಾನೂನಲ್ಲೇ ಗಡುವಿದೆ: ಅರ್ಜಿ 15 ದಿನದಲ್ಲಿ ಸ್ಮಾರಕ ಪ್ರಾಧಿಕಾರಕ್ಕೆ ಹೋಗ್ಬೇಕು, ಅವ್ರು ಎರಡು ತಿಂಗಳಲ್ಲಿ ಹೇಳ್ಬೇಕು, ಆಮೇಲೆ ಒಂದ್ ತಿಂಗಳಲ್ಲಿ ಆರ್ಡರ್. ಹಾಗಾಗಿ ಮಳೆಗೆ ಮುಂಚೆ ಹಾಕಿ.

ತೇಗದತೊಲೆ: ಕಾಯ್ತಾ ಕೂರೋದೂ ಅಪಾಯಾನೇ, 2012ರಲ್ಲಿ ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜನ ಸತ್ರಲ್ಲ, ನಾಲ್ಕು ವರ್ಷಕ್ಕೆ ದೇವರಾಜ ಮಾರ್ಕೆಟ್ಟಿನ ಒಂದು ಭಾಗಾನೂ ಬಿತ್ತು. ಮುರಿದ ಜಂತೆಗೆ ಇವತ್ತೇ ಊರುಗೋಲು ಕೊಡಿ. ಕಂದಾಯದ ವಿಷ್ಯ, ಹಳೇ ಮನೆ ಉಳಿಸ್ಕೊಂಡಿದೀನಿ ಅಂತ ನಮ್ಗಂತೂ ಯಾರೂ ಏನೂ ಬಿಟ್ಟಿಲ್ಲ, ಏಪ್ರಿಲಲ್ಲಿ ಕಟ್ಟಿದ್ರೆ ಸಿಗೋ 5% ಎಲ್ರಿಗೂ ಇರೋದೇ. ಒಂದು ಭಾಗ ಬಾಡಿಗೆಗೆ ಕೊಟ್ರೆ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಬಾಡಿಗೆ ಆದಾಯದಿಂದ 30% ಕಳೀತಾರೆ, ಅದೂ ನಿನ್ನೆ ಕಟ್ಟಿದ ಅಪಾರ್ಟ್‌ಮೆಂಟಿಗೂ ಉಂಟು. ಇನ್ನೊಂದು, ಗಾರೆ ಗೋಡೆ ಮೇಲೆ ಸಿಮೆಂಟ್ ಬಳಿಬೇಡಿ, ಒಳಗಿನ ತೇವ ಆಚೆ ಬರಲ್ಲ.

ಕೋಟೆಬೀದಿ: ಥ್ಯಾಂಕ್ಸ್ ಸಾರ್. ಅಜ್ಜಿ ಟ್ರಂಕಲ್ಲಿ 1978ರ ಕಂದಾಯ ರಸೀದಿ ಸಿಕ್ತು, ಅಂಚು ಗೆದ್ದಲು ತಿಂದಿದೆ, ಇಸವಿ ಮಾತ್ರ ಚೆನ್ನಾಗಿ ಕಾಣ್ತದೆ. ತಮ್ಮನಿಗೆ ಸದ್ಯಕ್ಕೆ ನಡುಮನೇನೇ ಗತಿ.