ಐಹೊಳಿ ಮೇಗುತಿ ಗುಡ್ಡದ ಮ್ಯಾಲಿನ ಸಾಲು ತೂತು ಯಾತರವು?

ಹುನಗುಂದ ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ರವಿವಾರ ಅಕ್ಕನ ಮಕ್ಕಳನ್ನ ಕರ್ಕೊಂಡು ಮೇಗುತಿ ಗುಡ್ಡ ಹತ್ತಿದ್ವಿ, ಅಲ್ಲಿ ಬಂಡೆಗಲ್ಲಿನಾಗ ಚೌಕ ತೂತು ಸಾಲಾಗಿ ಅದಾವು, ಸಣ್ಣಾಂವ ಕೇಳಿದ ಮಾಮಾ ಇವು ಪರಶುರಾಮನ ಕೊಡ್ಲಿ ಏಟೇನು ಅಂತ. ನಂಗ ಗೊತ್ತಿದ್ದದ್ದು ಅಜ್ಜಿ ಹೇಳಿದ ಕತಿ ಅಷ್ಟ, ಪರಶುರಾಮ ಕ್ಷತ್ರಿಯರನ್ನ ಕಡದು ಬಂದು ಮಲಪ್ರಭಾದಾಗ ಕೊಡ್ಲಿ ತೊಳದ, ಹೊಳಿ ಕೆಂಪಾತು, ನೀರಿಗೆ ಬಂದಾಕಿ ಅಯ್ಯೋ ಹೊಳಿ ಅಂದ್ಲು, ಅದ ಐಹೊಳಿ ಆತು ಅಂತ. ತೂತಿನ ಸುದ್ದಿ ಯಾರಿಗರ ಗೊತ್ತೈತೇನ್ರಿ?

ಕಲ್ಲಕೆಲಸ:
ತಮ್ಮಾ, ಅವು ಬೆಣಿ ತೂತು. ನಮ್ಮಪ್ಪ ಕ್ವಾರ್ಯಾಗ ದುಡದಾರ, ನಾನೂ ಸುತ್ತಿಗಿ ಹಿಡದೇನಿ, ನೋಡಿದ ಕೂಡ್ಲೆ ಗೊತ್ತಾಗ್ತೈತಿ. ಉಳಿಲೆ ಒಂದ ಗೆರಿಮ್ಯಾಲ ತೂತು ಕೊರಿಯೋದು, ಎಲ್ಲಾದರಾಗೂ ಬೆಣಿ ಇಟ್ಟು ಒಂದಾದಮ್ಯಾಲ ಒಂದು ಬಡಕೋತ ಹೋಗೋದು, ಸಪ್ಪಳ ಬದಲಾತು ಅಂದ್ರ ಕಲ್ಲು ಸೀಳಾಕತ್ತೈತಿ ಅಂತ ತಿಳಕೋಬೇಕು. ಅಲ್ಲಿದು ಮರಳುಗಲ್ಲು, ಪದರ ಪದರ ಐತಿ, ಅದಕ್ಕ ಹಾಸು, ಅಂದ್ರ ಚಪ್ಪಟಿ ಕಲ್ಲು, ಚೊಲೊ ಏಳ್ತಾವು. ತೂತು ಉಳದಲ್ಲಿ ಕೆಲಸ ಅರ್ಧಕ್ಕ ನಿಂತೈತಿ ಅಂತ ಅರ್ಥ. ನಂಗಂತೂ ಅವನ್ನ ನೋಡಿದ್ರ ಗುಡಿ ನೋಡಿದಕ್ಕಿಂತ ಹೆಚ್ಚ ಮೈ ಜುಮ್ ಅಂತೈತಿ.

ಇತಿಹಾಸ ಮಾಸ್ತರ:
ಅಣ್ಣಾರು ಸರಿಯಾಗಿ ಹೇಳಿದ್ರು. ಒಂದು ಮಾತು ಸೇರಸ್ತೇನಿ. ಮೇಗುತಿ ಹತ್ರನ ಮೋರೇರ ಅಂಗಡಿ ಅಂತಾರಲ್ಲ, ಕಲ್ಲ ಹಾಸು ನಿಲ್ಲಿಸಿ ಮ್ಯಾಲೊಂದು ಹೊಚ್ಚಿದ್ದು, ಅವು ಅಂಗಡಿ ಅಲ್ಲ, ಸತ್ತವರಿಗೆ ಕಟ್ಟಿದ ಬೃಹತ್ ಶಿಲಾ ಸಮಾಧಿ, ಚಾಲುಕ್ಯರಕಿಂತ ಎಷ್ಟೋ ಹಿಂದಿನವು. ಅಂದ್ರ ಈ ಗುಡ್ಡದ ಪದರ ಎಬ್ಬಿಸೋ ವಿದ್ಯಾ ಗುಡಿ ಕಟ್ಟೋಕ್ಕಿಂತ ಮದ್ಲ ಮಂದಿಗೆ ಗೊತ್ತಿತ್ತು! ಆಮ್ಯಾಲ ಶಕ 556, ಅಂದ್ರ ಕ್ರಿ.ಶ. 634ಕ್ಕ ಕವಿ ರವಿಕೀರ್ತಿ ಈ ಗುಡ್ಡದ ಮ್ಯಾಲಿನ ಮೇಗುತಿ ಜಿನಾಲಯ ಕಟ್ಟಿಸಿ, ಇಮ್ಮಡಿ ಪುಲಕೇಶಿ ಹರ್ಷನ್ನ ಸೋಲಿಸಿದ್ದನ್ನ ಗ್ವಾಡಿಮ್ಯಾಲ ಬರಸಿದ, ತನ್ನನ್ನ ಕಾಳಿದಾಸ ಭಾರವಿ ಸಾಲಿಗೆ ಸೇರಿಸ್ಕೊಂಡ. ಕಲ್ಲು ಎಬ್ಬಿಸಿದವರ ಹೆಸರು ಮಾತ್ರ ಅದರಾಗ ಇಲ್ಲ, ಅದು ನಂಗ ಪ್ರತಿ ಸಲ ಚುಚ್ಚತೈತಿ. ಊರ ಹೆಸರು ಹಳೆ ಶಾಸನಗಳಾಗ ಅಯ್ಯಾವೊಳೆ ಅಂತ ಐತಿ, ಅಯ್ಯಾವೊಳೆ ಐನೂರ್ವರು ಅನ್ನೋ ವ್ಯಾಪಾರಿಗಳ ಸಂಘದ ಹೆಸರು ಕೇಳೀರಲ್ಲ, ಅದ ಊರು. ಆದ್ರೂ ಅಜ್ಜಿ ಕತಿ ಬಿಡಬ್ಯಾಡ್ರಿ, ಮಕ್ಕಳಿಗೆ ಎರಡೂ ಹೇಳ್ರಿ.

ಮಲಪ್ರಭಾ ದಂಡಿ:
ಒಂದ ವಿನಂತಿ, ಮೋರೇರ ಅಂಗಡಿ ಹಾಸಿನ ಮ್ಯಾಲ ಹತ್ತಿ ಫೋಟೋ ತಗೀಬ್ಯಾಡ್ರಿ, ಹೆಸರಂತೂ ಕೆತ್ತಲೇಬ್ಯಾಡ್ರಿ.

ಹುನಗುಂದ ಹುಡುಗ:
ಮಾಸ್ತರ, ಕಲ್ಲಕೆಲಸದ ಅಣ್ಣಾ, ಭಾಳ ಉಪಕಾರ ಆತ್ರಿ. ದೀಪಾವಳಿ ಸೂಟಿಗೆ ಮತ್ತ ಹೋಗ್ತೇವಿ, ಈ ಸಲ ಸಣ್ಣಾಂವನ ಬೆರಳು ಆ ತೂತಿನಾಗ ಇಡಿಸಿ ಹೇಳ್ತೇನಿ.