ಅಪ್‌ಡೇಟ್: ಟೈಮಿಂಗ್ ಬೆಲ್ಟ್ ಬದಲಾಯಿಸಿದೆ

ಹೋದ ತಿಂಗಳು ಕೇಳಿದ್ದೆ: ಡೀಸೆಲ್ ಕಾರು, 8 ವರ್ಷ ಆಗಿದೆ, 92,000 ಕಿ.ಮೀ. ಓಡಿದೆ, ಟೈಮಿಂಗ್ ಬೆಲ್ಟ್ (ಪಿಸ್ಟನ್ ಜೊತೆ ವಾಲ್ವ್‌ಗಳ ತಾಳ ತಪ್ಪದಂತೆ ನೋಡಿಕೊಳ್ಳುವ, ಎಂಜಿನ್ನಿನ ಹಲ್ಲಿರುವ ರಬ್ಬರ್ ಬೆಲ್ಟ್) ಇನ್ನೂ ಹಳೆಯದೇ. ಕಾಫಿ ಕೊಯ್ಲು ಮುಗಿಯುವವರೆಗೆ ಕಾಯಬಹುದಾ ಅಂತ. ಬೇಡ ಅಂದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊನ್ನೆ ಕುಶಾಲನಗರದಲ್ಲಿ ಬದಲಾಯಿಸಿದೆ. ಮೆಕ್ಯಾನಿಕ್ ಅಣ್ಣ ಹಳೆ ಬೆಲ್ಟನ್ನು ಕೈಗೆ ಕೊಟ್ಟು, "ಹಿಂದಕ್ಕೆ ಬಗ್ಗಿಸಿ ನೋಡಿ" ಅಂದರು. ಹಲ್ಲುಗಳ ಬುಡದಲ್ಲೆಲ್ಲ ಕೂದಲೆಳೆಯಂಥ ಬಿರುಕು. ಒಂದು ಹಲ್ಲಂತೂ ಉಗುರು ತಾಗಿಸಿದರೆ ಅಲುಗಾಡುತ್ತಿತ್ತು. ಇಷ್ಟಾದರೂ ಎಂಜಿನ್ ಒಂದು ಸದ್ದೂ ಮಾಡಿರಲಿಲ್ಲ. ಅದೇ ಭಯ ನೋಡಿ. ಬೆಲ್ಟ್ ತುಂಡಾದರೆ ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ನಿಲ್ಲುತ್ತದೆ, ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಗ್ಗಿದರೆ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಬಿಚ್ಚಲೇಬೇಕು.

ಮರುದಿನವೇ ಅಮ್ಮನನ್ನು ಕೂರಿಸಿಕೊಂಡು ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುವುದಿತ್ತು. ಆ ತಿರುವುಗಳಲ್ಲಿ ಎಂಜಿನ್ ಆಫ್ ಆದರೆ ಸ್ಟೀರಿಂಗ್ ಗಟ್ಟಿ, ಬ್ರೇಕೂ ಗಟ್ಟಿ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಎಂಜಿನ್ ತಂಪಾಗಿಡುವ ವಾಟರ್ ಪಂಪ್ ಕೂಡ ಒಟ್ಟಿಗೇ ಹೊಸದು ಹಾಕಿಸಿದೆ. ನನ್ನ ಕಾರಿನಲ್ಲಿ ಪಂಪ್ ತಿರುಗುವುದೂ ಇದೇ ಬೆಲ್ಟಿನಿಂದ. ಆಮೇಲೆ ಅದು ಕೈಕೊಟ್ಟರೆ ಮತ್ತೆ ಎಲ್ಲ ಬಿಚ್ಚಬೇಕು ಅಲ್ವಾ.

ಕಾರು ಜಾಸ್ತಿ ಓಡಿಲ್ಲ ಅಂತ ಸುಮ್ನೆ ಇರಬೇಡಿ. ರಬ್ಬರ್ ನಿಂತಲ್ಲೇ ಹಳತಾಗುತ್ತದೆ. ಹೊಸ ಬೆಲ್ಟ್ ಹಾಕಿದ ತಾರೀಕು, ಕಿ.ಮೀ. ಎರಡನ್ನೂ ಬರೆದು ಬಾನೆಟ್ ಒಳಗೆ ಅಂಟಿಸಿದ್ದೇನೆ.