ಹೊಸ ಡ್ಯಾಕ್ ನಿಜಕ್ಕೂ ಚೆನ್ನಾಗಿದೆಯಾ, ಬರೀ ಜೋರಾಗಿದೆಯಾ? ಸೌಂಡ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ:
ನಮಸ್ಕಾರ ಸರ್. ಬಹಳ ದಿನದಿಂದ ಕಣ್ಣಿಟ್ಟಿದ್ದ ಒಂದು ಆರ್-2ಆರ್ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಆಂಪ್‌ಗೆ ಬೇಕಾದ ವಿದ್ಯುತ್ ಅಲೆಯಾಗಿಸುವ ಪೆಟ್ಟಿಗೆ) ಕೊನೆಗೂ ಮನೆಗೆ ಬಂತು. ಮೊದಲು ಇದ್ದಿದ್ದು ಸಾಧಾರಣ ಡೆಲ್ಟಾ-ಸಿಗ್ಮಾ (ಇಂದಿನ ಹೆಚ್ಚಿನ ಡ್ಯಾಕ್‌ಗಳಲ್ಲಿರುವ ಬಗೆ) ಚಿಪ್ಪಿನ ಪುಟ್ಟ ಪೆಟ್ಟಿಗೆ. ವಿಂಡೋಸ್ ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಮೂಲಕ ಡ್ಯಾಕ್, ಅಲ್ಲಿಂದ ಇಂಟಿಗ್ರೇಟೆಡ್ ಆಂಪ್, ಆಮೇಲೆ ಬುಕ್‌ಶೆಲ್ಫ್ ಸ್ಪೀಕರ್. ಹೊಸದನ್ನು ಎಕ್ಸ್‌ಎಲ್‌ಆರ್‌ನಲ್ಲಿ (ಮೂರು ಪಿನ್ನಿನ ಬ್ಯಾಲೆನ್ಸ್ಡ್ ಕೇಬಲ್), ಹಳೆಯದನ್ನು ಆರ್‌ಸಿಎಯಲ್ಲಿ (ಸಾಮಾನ್ಯ ಆಡಿಯೋ ಕೇಬಲ್) ಒಂದೇ ಆಂಪ್‌ಗೆ ಕೊಟ್ಟು ಅದಲುಬದಲು ಮಾಡಿ ಕೇಳ್ತಿದ್ದೀನಿ.

ಹೊಸದರಲ್ಲಿ ವೇದಿಕೆ ಅಗಲವಾಯ್ತು, ವೀಣೆಯ ಮೀಟು ಎದುರಿಗೇ ಬಂದ ಹಾಗಿದೆ, ಬಾಸ್ ಗಟ್ಟಿಯಾಗಿದೆ. ಆದರೆ ನಮ್ಮ ಮನೆಯವಳು "ಇದು ಜೋರಾಗಿದೆ ಅಷ್ಟೆ" ಅಂತಾಳೆ! ಯಾರ ಮಾತು ಸರಿ? ಇನ್ನೂ ಮೂರು ಗೊಂದಲ. ಮೆನುವಿನಲ್ಲಿ ಶಾರ್ಪ್, ಸ್ಲೋ, ಎನ್‌ಒಎಸ್ ಅಂತ ಫಿಲ್ಟರ್‌ಗಳಿವೆ, ಯಾವುದನ್ನು ಇಟ್ಟುಕೊಳ್ಳಲಿ? ಯಾವ ಹಾಡು ಹಾಕಿದರೂ ಡಿಸ್‌ಪ್ಲೇ ಮೇಲೆ 48 ಅಂತಲೇ ಬರುತ್ತೆ. ಮೌಸ್ ಅಲ್ಲಾಡಿಸಿದಾಗ ಸ್ಪೀಕರ್‌ನಲ್ಲಿ ಸಣ್ಣಗೆ ಚಿರ್ ಚಿರ್ ಅನ್ನುತ್ತೆ.

ಉತ್ತರ:
ನಿಮ್ಮ ಮನೆಯವರ ಕಿವಿ ಚುರುಕಾಗಿದೆ, ಮೊದಲು ಅವರ ಮಾತನ್ನೇ ಪರೀಕ್ಷೆ ಮಾಡೋಣ.

ಆರ್‌ಸಿಎ ಔಟ್‌ಪುಟ್‌ನಲ್ಲಿ ಸಾಮಾನ್ಯವಾಗಿ ಗರಿಷ್ಠ 2 ವೋಲ್ಟ್, ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್ ಬರುತ್ತದೆ. ವೋಲ್ಟೇಜ್ ಇಮ್ಮಡಿಯಾದರೆ 6 ಡೆಸಿಬಲ್ ಏರಿದ ಹಾಗೆ. ಕೆಲವು ಆಂಪ್‌ಗಳು ಎಕ್ಸ್‌ಎಲ್‌ಆರ್ ಇನ್‌ಪುಟ್‌ನಲ್ಲಿ ಈ ವ್ಯತ್ಯಾಸವನ್ನು ಒಳಗೇ ತಗ್ಗಿಸಿಕೊಳ್ಳುತ್ತವೆ, ಕೆಲವು ತಗ್ಗಿಸಲ್ಲ, ಕೆಲವು ಅರ್ಧಂಬರ್ಧ. ಹಾಗಾಗಿ ಊಹೆ ಬೇಡ, ಅಳೆಯಬೇಕು. ಸ್ವಲ್ಪವೇ ಜೋರಾದರೂ ಕಿವಿ ಅದನ್ನು "ಜೋರು" ಅಂತ ಗುರುತಿಸಲ್ಲ. ಬಾಸ್ ತುಂಬಿದೆ, ಧ್ವನಿ ತೆರೆದುಕೊಂಡಿದೆ, ವಿವರ ಹೆಚ್ಚಿದೆ ಅಂತಲೇ ಹೇಳುತ್ತದೆ. ನೀವು ಬರೆದ ಮೂರೂ ಲಕ್ಷಣ ಅದೇ ಜಾತಿಯವು.

ಮಾಡುವ ರೀತಿ ಹೀಗೆ. 400 ಹರ್ಟ್ಸ್‌ನ ಸೈನ್ ಟೋನ್ ಫೈಲ್ ಒಂದನ್ನು ಇಳಿಸಿಕೊಳ್ಳಿ. 1 ಕಿಲೋಹರ್ಟ್ಸ್ ಬೇಡ, ಏಕೆಂದರೆ ಅಗ್ಗದ ಮಲ್ಟಿಮೀಟರ್‌ಗಳು 400ರ ಮೇಲೆ ಎಸಿ ವೋಲ್ಟೇಜನ್ನು ಸರಿಯಾಗಿ ತೋರಿಸುವ ಭರವಸೆಯಿಲ್ಲ. ಹಳೆ ಡ್ಯಾಕ್‌ನಿಂದ ಟೋನ್ ಹಾಕಿ, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಸ್ಪೀಕರ್ ಟರ್ಮಿನಲ್ ಮೇಲೆ ಹಿಡಿದು, ಆಂಪ್ ವಾಲ್ಯೂಮನ್ನು 1 ವೋಲ್ಟ್ ಆಸುಪಾಸಿಗೆ ತನ್ನಿ. ಎರಡು ಪ್ರೋಬ್ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ, ತಾಗಿದರೆ ಆಂಪ್ ಔಟ್‌ಪುಟ್ ಶಾರ್ಟ್ ಆಗುತ್ತದೆ. ಈಗ ಆಂಪ್ ವಾಲ್ಯೂಮ್ ಮುಟ್ಟದೆ ಹೊಸ ಡ್ಯಾಕ್‌ಗೆ ಬದಲಿಸಿ. ಸಂಖ್ಯೆ ಎಷ್ಟಿದೆ ಬರೆದುಕೊಂಡು, ಡ್ಯಾಕ್‌ನ ವಾಲ್ಯೂಮ್ ಇಳಿಸುತ್ತಾ ಹಳೆಯ ಸಂಖ್ಯೆಗೆ ತನ್ನಿ. ಗುರಿ 0.1 ಡೆಸಿಬಲ್, ಅಂದರೆ ವೋಲ್ಟೇಜ್‌ನಲ್ಲಿ ಸುಮಾರು ಶೇಕಡಾ 1. ಅಷ್ಟು ಸಣ್ಣ ಮೆಟ್ಟಿಲು ಡ್ಯಾಕ್‌ನಲ್ಲಿ ಇಲ್ಲದಿದ್ದರೆ ಉಳಿದದ್ದನ್ನು ಪ್ಲೇಯರ್‌ನಲ್ಲಿ ಸರಿಮಾಡಿ. 16 ಬಿಟ್ ಫೈಲ್ 24 ಬಿಟ್ ದಾರಿಯಲ್ಲಿ ಹೋಗುವಾಗ ಇಷ್ಟು ಇಳಿಸಿದರೆ ನಷ್ಟವೇನೂ ಆಗಲ್ಲ.

ಆಮೇಲೆ ಒಂದೇ ಹಾಡಿನ ಒಂದೇ ಸಾಲು, ಚಿಕ್ಕ ತುಣುಕು. ಯಾವುದು ಓಡ್ತಿದೆ ಅಂತ ನಿಮಗೆ ಗೊತ್ತಾಗಬಾರದು. ಬದಲಿಸುವ ಕೆಲಸ ಮನೆಯವರಿಗೇ ಕೊಡಿ, ಅವರಿಗೂ ಆಸಕ್ತಿ ಇದ್ದ ಹಾಗಿದೆ. ಧ್ವನಿಯ ಸೂಕ್ಷ್ಮ ನೆನಪು ಕೆಲವೇ ಸೆಕೆಂಡಿನದು. ಬೆಳಿಗ್ಗೆ ಕೇಳಿದ್ದಕ್ಕೂ ಸಂಜೆ ಕೇಳಿದ್ದಕ್ಕೂ ಮಾಡುವ ಹೋಲಿಕೆಯನ್ನು ನಾನು ಲೆಕ್ಕಕ್ಕೇ ತಗೊಳ್ಳಲ್ಲ.

48ರ ವಿಷಯ ಸರಳ. ಅದು ವಿಂಡೋಸ್ ಮಿಕ್ಸರ್ ಕೆಲಸ. ಎಲ್ಲ ಆ್ಯಪ್‌ಗಳ ಶಬ್ದವನ್ನೂ ಒಂದು ರೇಟಿಗೆ (ಸೆಕೆಂಡಿಗೆ ಎಷ್ಟು ಸ್ಯಾಂಪಲ್, ಅಂದರೆ ಅಲೆಯ ಅಳತೆಗಳು, ಅನ್ನುವ ಲೆಕ್ಕ; ಇಲ್ಲಿ 48 ಸಾವಿರ) ಪರಿವರ್ತಿಸಿ, ಕಲಸಿ ಕಳಿಸುತ್ತದೆ. ಸಿಡಿಯಿಂದ ಬಂದ ಸಂಗೀತ 44.1 ಕಿಲೋಹರ್ಟ್ಸ್‌ನದ್ದು. ಪ್ಲೇಯರ್ ಸೆಟ್ಟಿಂಗ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಅಥವಾ ಡ್ಯಾಕ್ ಜೊತೆ ಬಂದ ಎಸಿಯೋ ಡ್ರೈವರ್ ಆರಿಸಿ, ಎರಡೂ ಮಿಕ್ಸರನ್ನು ಬಿಟ್ಟು ಡ್ಯಾಕ್‌ಗೆ ನೇರ ಕಳಿಸುವ ದಾರಿಗಳು. ಫೈಲ್ ಬದಲಾದಂತೆ ಡಿಸ್‌ಪ್ಲೇ 44.1, 96 ಅಂತ ಬದಲಾದರೆ ದಾರಿ ತೆರವಾಯಿತು ಅಂತ ಅರ್ಥ. ಫಿಲ್ಟರ್ ಮತ್ತು ಮೌಸ್ ಸದ್ದಿನ ವಿಷಯ ಆಮೇಲೆ. ಮೊದಲು ಅಳತೆ ಮಾಡಿ ಹೇಳಿ.

ಪ್ರಶ್ನೆ ಕೇಳಿದವರು:
ಸರ್, ಮಾಡಿದೆ. ಹಳೆಯದು 1.00 ವೋಲ್ಟ್, ಹೊಸದು 1.62! ಸಮ ಮಾಡಿದ ಮೇಲೆ ಆ ಅಗಲವಾದ ವೇದಿಕೆ ಹೆಚ್ಚು ಕಮ್ಮಿ ಮಾಯ. ಶಾರ್ಪ್ ಫಿಲ್ಟರ್‌ನಲ್ಲಿ ಯಾವುದು ಯಾವುದು ಅಂತ ನನಗೆ ಹೇಳೋಕೆ ಆಗಲಿಲ್ಲ. ಆದರೆ ಎನ್‌ಒಎಸ್‌ಗೆ ಹಾಕಿದರೆ ಪ್ರತಿ ಸಲ ಗುರುತು ಹಿಡಿದೆ. ತಂಬೂರಿಯ ಝೇಂಕಾರ ದುಂಡಗಾಗುತ್ತೆ, ತಾಳದ ಚುಚ್ಚು ಕಮ್ಮಿ. ಇದೂ ಭ್ರಮೆ ಅನ್ನಬೇಡಿ ಪ್ಲೀಸ್.

ಉತ್ತರ:
ಅನ್ನಲ್ಲ. 1.62 ಅಂದರೆ 4 ಡೆಸಿಬಲ್‌ಗೂ ಸ್ವಲ್ಪ ಹೆಚ್ಚು, ನಿಮ್ಮ ಮೊದಲ ಅನಿಸಿಕೆಯ ದೊಡ್ಡ ಪಾಲು ಅಲ್ಲಿಂದ ಬಂದದ್ದು. ಎನ್‌ಒಎಸ್‌ನದು ಮಾತ್ರ ಕಿವಿಗೆ ನಿಜವಾಗಿ ಸಿಗುವ ವ್ಯತ್ಯಾಸ, ಕಾಗದದ ಮೇಲೂ ಬರೆದು ತೋರಿಸಬಹುದು.

ಶಾರ್ಪ್, ಸ್ಲೋ ಫಿಲ್ಟರ್‌ಗಳು ಸ್ಯಾಂಪಲ್‌ಗಳ ನಡುವೆ ಇನ್ನಷ್ಟು ಬಿಂದು ಲೆಕ್ಕ ಹಾಕಿ ಅಲೆಯನ್ನು ನಯವಾಗಿಸುತ್ತವೆ, ಅದೇ ಓವರ್‌ಸ್ಯಾಂಪ್ಲಿಂಗ್. ಎನ್‌ಒಎಸ್ ಅಂದರೆ ಅದು ಇಲ್ಲ. ಡ್ಯಾಕ್ ಒಂದು ಸ್ಯಾಂಪಲ್‌ನ ವೋಲ್ಟೇಜನ್ನು ಮುಂದಿನ ಸ್ಯಾಂಪಲ್ ಬರುವವರೆಗೆ ಹಾಗೇ ಹಿಡಿದಿರುತ್ತದೆ, ಅಲೆ ಮೆಟ್ಟಿಲು ಮೆಟ್ಟಿಲಾಗಿ ಹೊರಬರುತ್ತದೆ. ಹಾಗೆ ಹಿಡಿದಿಡುವುದರ ಫಲವಾಗಿ ಮೇಲಿನ ಸ್ವರಗಳ ಮಟ್ಟ ಕೆಳಗೆ ಬಾಗುತ್ತದೆ. 44.1ರ ಫೈಲ್‌ಗೆ 10 ಕಿಲೋಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬಲ್, 15ರಲ್ಲಿ 1.7, 20ರಲ್ಲಿ 3.2 ಡೆಸಿಬಲ್ ಇಳಿತ. ತಾಳದ ಮಿನುಗು, ತಂಬೂರಿಯ ಮೇಲ್ಪದರದ ಝೇಂಕಾರ, ಸಕಾರದ ಸೀಟಿ ಇರುವುದೆಲ್ಲ ಆ ಪ್ರದೇಶದಲ್ಲೇ. ಟ್ರೆಬಲ್ ಗುಂಡಿಯನ್ನು ಒಂದು ಚಿಟಿಕೆ ಹಿಂದಕ್ಕೆ ತಿರುಗಿಸಿದ ಹಾಗೆ. ಅದನ್ನೇ ಜನ "ಅನಲಾಗ್ ಧ್ವನಿ", "ರೆಕಾರ್ಡ್ ಪ್ಲೇಯರ್ ಥರ" ಅಂತ ಹೊಗಳುವುದು. ಜೊತೆಗೆ 22.05 ಕಿಲೋಹರ್ಟ್ಸ್ ಮೇಲೆ ಮೂಲ ಸಂಗೀತದ ಪ್ರತಿಬಿಂಬಗಳು ಆಂಪ್‌ಗೆ ಹೋಗುತ್ತವೆ. ಕಿವಿಗೆ ನೇರ ಕೇಳಿಸಲ್ಲ, ಕೆಲವು ಆಂಪ್‌ಗಳು ಅವನ್ನು ಅರಗಿಸಿಕೊಳ್ಳಲಾರದೆ ಒಳಗೆ ಸಣ್ಣ ವಿಕೃತಿ ಹುಟ್ಟಿಸಬಹುದು.

ನಿಮ್ಮ ಕಿವಿ ಕೇಳ್ತಿರುವುದು ಈ ಬಾಗನ್ನೇ ಅಂತ ಖಚಿತ ಮಾಡಿಕೊಳ್ಳಲು ಒಂದು ಉಪಾಯವಿದೆ. ಸ್ಟುಡಿಯೋದಿಂದಲೇ 96 ಕಿಲೋಹರ್ಟ್ಸ್‌ನಲ್ಲಿ ಬಂದ ಫೈಲ್ ಹಾಕಿ ಅದೇ ಎರಡು ಮೋಡ್ ಹೋಲಿಸಿ. ಅಲ್ಲಿ 20 ಕಿಲೋಹರ್ಟ್ಸ್‌ನಲ್ಲೂ ಇಳಿತ 0.6 ಡೆಸಿಬಲ್ ಅಷ್ಟೆ. ವ್ಯತ್ಯಾಸ ಕರಗಿಹೋದರೆ ಉತ್ತರ ಸಿಕ್ಕಿತು. ಇಷ್ಟವಾದರೆ ಎನ್‌ಒಎಸ್‌ನಲ್ಲೇ ಕೇಳಿ, ರುಚಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಹೆಚ್ಚು ಮೂಲನಿಷ್ಠ ಅಂತ ಮಾತ್ರ ಕರೆಯಬೇಡಿ. ನನ್ನ ಕೆಲಸದ ಕೋಣೆಯಲ್ಲಿ ಶಾರ್ಪ್ ಬಿಟ್ಟು ಬೇರೆ ಇಡಲ್ಲ. "ಪ್ರೀ-ರಿಂಗಿಂಗ್", ಅಂದರೆ ಸ್ವರ ಶುರುವಾಗುವ ಮುಂಚೆಯೇ ಶಾರ್ಪ್ ಫಿಲ್ಟರ್ ಸೇರಿಸುವ ನಡುಕ, ಅಂತ ಹೆದರಿಸುವವರಿದ್ದಾರೆ. ಆ ನಡುಕ ಇರುವುದು 22 ಕಿಲೋಹರ್ಟ್ಸ್ ಹತ್ತಿರ, ಕೇಳುಗರ ವ್ಯಾಪ್ತಿಯ ಆಚೆ.

ಮೌಸ್ ಸದ್ದು ಡ್ಯಾಕ್‌ನ ಗುಣದೋಷ ಅಲ್ಲ. ಲ್ಯಾಪ್‌ಟಾಪ್‌ನ ಕೊಳಕು ಕರೆಂಟು ಯುಎಸ್‌ಬಿಯ ಗ್ರೌಂಡ್ ತಂತಿ ಹಿಡಿದು ಆಂಪ್‌ವರೆಗೆ ನಡೆದು ಬರುತ್ತಿದೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಸದ್ದು ನಿಂತರೆ ಗ್ರೌಂಡ್ ಲೂಪ್ (ಉಪಕರಣಗಳ ಗ್ರೌಂಡ್ ತಂತಿಗಳು ಸೇರಿ ಆದ ಸುತ್ತು) ಎಂದೇ ಅರ್ಥ.

ಇನ್ನೊಬ್ಬ ಸದಸ್ಯೆ:
ನನಗೂ ಇದೇ ಕಾಟ ಸರ್. ಬ್ಯಾಟರಿಯಲ್ಲಿ ನಿಲ್ಲುತ್ತೆ, ಚಾರ್ಜರ್ ಚುಚ್ಚಿದ ತಕ್ಷಣ ಶುರು. ಒಬ್ಬರು ಪ್ಲಗ್‌ನ ಅರ್ತ್ ಪಿನ್ ತೆಗೆದುಬಿಡಿ ಅಂದರು. ಇನ್ನೊಬ್ಬರು ದುಬಾರಿ ಯುಎಸ್‌ಬಿ ಕೇಬಲ್ ಹಾಕಿ ಅಂದರು.

ಉತ್ತರ:
ಮೇಡಂ, ಅರ್ತ್ ಪಿನ್ ಮುಟ್ಟಲೇಬೇಡಿ. ಒಳಗೆ ಒಂದು ತಂತಿ ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಾಗಿದ ದಿನ ನಿಮ್ಮನ್ನು ಕಾಯುವುದು ಅದೊಂದೇ.

ದುಬಾರಿ ಕೇಬಲ್‌ನಲ್ಲೂ ಗ್ರೌಂಡ್ ತಂತಿ ಇದ್ದೇ ಇರುತ್ತದೆ, ಲೂಪ್ ಹಾಗೇ ಉಳಿಯುತ್ತದೆ. ಕಂಪ್ಯೂಟರಲ್ಲೋ ಸ್ಟ್ರೀಮರಲ್ಲೋ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಅದನ್ನು ಬಳಸಿ. ಬೆಳಕಿಗೆ ಗ್ರೌಂಡ್ ಇಲ್ಲ, ಲೂಪ್ ಅಲ್ಲೇ ತುಂಡಾಗುತ್ತದೆ. ಆದರೆ ಅನೇಕ ಆಪ್ಟಿಕಲ್ ಪೋರ್ಟ್‌ಗಳು 96ಕ್ಕೆ ನಿಲ್ಲುತ್ತವೆ. ಯುಎಸ್‌ಬಿಯೇ ಬೇಕಿದ್ದರೆ ಐಸೋಲೇಟರ್ (ಡೇಟಾ ದಾಟಿಸಿ ಗ್ರೌಂಡ್ ಸಂಪರ್ಕ ಕತ್ತರಿಸುವ ಸಾಧನ) ಹಾಕಿ, ಕೊಳ್ಳುವಾಗ ಹೈ-ಸ್ಪೀಡ್, ಅಂದರೆ 480 ಮೆಗಾಬಿಟ್ ಅಂತ ಬರೆದಿದೆಯಾ ನೋಡಿ. 12 ಮೆಗಾಬಿಟ್‌ನ ಹಳೇ ಬಗೆಯ ಐಸೋಲೇಟರ್ ಹಾಕಿದರೆ ಇಂದಿನ ಎಷ್ಟೋ ಡ್ಯಾಕ್‌ಗಳು ಎದ್ದೇಳುವುದೇ ಇಲ್ಲ, ಎದ್ದರೂ 96 ದಾಟಲ್ಲ. ಇದಕ್ಕೂ ಮೊದಲು, ಖರ್ಚಿಲ್ಲದ ದಾರಿ: ಲ್ಯಾಪ್‌ಟಾಪ್, ಡ್ಯಾಕ್, ಆಂಪ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಡ್ಯಾಕ್‌ನಿಂದ ಆಂಪ್‌ಗೆ ಎಕ್ಸ್‌ಎಲ್‌ಆರ್ ಬಳಸಿದರೂ ಎಷ್ಟೋ ಸಲ ಗಲಾಟೆ ಇಳಿಯುತ್ತದೆ.

ಜಿಟರ್ (ಗಡಿಯಾರದ ಬಡಿತದಲ್ಲಾಗುವ ಸಣ್ಣ ಏರುಪೇರು) ಕಡಿಮೆಯಾಗಲಿ ಅಂತ ಯುಎಸ್‌ಬಿ ಬಿಟ್ಟು ಕೋಆಕ್ಸಿಯಲ್ ಡಿಜಿಟಲ್ ಕೇಬಲ್‌ಗೆ ಹೋಗುವವರಿಗೂ ಇಲ್ಲೇ ಹೇಳಿಬಿಡ್ತೀನಿ. ಅಸಿಂಕ್ರೋನಸ್ ಯುಎಸ್‌ಬಿಯಲ್ಲಿ ಡ್ಯಾಕ್‌ನ ಗಡಿಯಾರವೇ ಯಜಮಾನ. ಬೇಕಾದಾಗ ಕಂಪ್ಯೂಟರ್‌ನಿಂದ ಡೇಟಾ ತರಿಸಿಕೊಳ್ಳುತ್ತದೆ. ಕೋಆಕ್ಸಿಯಲ್, ಆಪ್ಟಿಕಲ್‌ನಲ್ಲಿ ಕಳಿಸುವವನ ಗಡಿಯಾರವನ್ನು ಡ್ಯಾಕ್ ಹಿಂಬಾಲಿಸಬೇಕು. ಒಳ್ಳೆಯ ಡ್ಯಾಕ್ ಎರಡನ್ನೂ ಕಿವಿಗೆ ತಿಳಿಯದಷ್ಟು ಶುದ್ಧವಾಗಿ ನಿಭಾಯಿಸುತ್ತದೆ.

ಮತ್ತೊಬ್ಬ ಸದಸ್ಯರು:
ಹಾಗಾದರೆ ಆರ್-2ಆರ್ ಅನ್ನೋದೆಲ್ಲ ಮಾರಾಟದ ಮಾತೇ? ಅಳತೆಯಲ್ಲಿ ಎಲ್ಲ ಡ್ಯಾಕ್ ಒಂದೇ ಅಂತ ಓದಿದ್ದೆ.

ಉತ್ತರ:
ಅರ್ಧ ಒಪ್ಪುತ್ತೇನೆ. ಆರ್-2ಆರ್ ಅಂದರೆ ರೆಸಿಸ್ಟರ್‌ಗಳ ಏಣಿ, ಲ್ಯಾಡರ್; ಪ್ರತಿ ಬಿಟ್‌ಗೂ ಅದರ ತೂಕಕ್ಕೆ ತಕ್ಕ ವೋಲ್ಟೇಜ್ ಕೊಡುತ್ತದೆ. ಅದನ್ನು ಮಾಡುವುದು ಕಷ್ಟದ ಕೆಲಸ. 16 ಬಿಟ್‌ನಲ್ಲಿ ಅತಿ ದೊಡ್ಡ ಬಿಟ್‌ನ ತೂಕ ಅತಿ ಚಿಕ್ಕದರ 32,768 ಪಟ್ಟು. ದೊಡ್ಡದರಲ್ಲಿ 0.003% ತಪ್ಪಾದರೆ ಸಾಕು, ಚಿಕ್ಕ ಬಿಟ್ ಪೂರ್ತಿ ಅದರಡಿ ಮುಳುಗಿತು. 0.01%ನ ರೆಸಿಸ್ಟರ್ ಅಂದರೆ ಭಾರೀ ನಿಖರ ಅಂತ ಲೆಕ್ಕ, ಅದೂ ಇಲ್ಲಿ ಸಾಲದು. ಅದಕ್ಕೇ ದೊಡ್ಡ ಬಿಟ್‌ಗಳನ್ನು ಒಡೆದು ಹಂಚುವುದು, ತಪ್ಪನ್ನು ಅಳೆದು ಸರಿಪಡಿಸುವುದು ಎಲ್ಲ ಬೇಕಾಗುತ್ತದೆ. ಚೆನ್ನಾಗಿ ಮಾಡಿದವರದು ಚೆನ್ನಾಗಿದೆ. ಕಳಪೆಯದರಲ್ಲಿ ಪತ್ತೆಯಾಗುವ ಜಾಗ ಸಂಗೀತದ ಬಾಲ: ಘಟದ ಪೆಟ್ಟು ಮುಗಿದು ಮೌನಕ್ಕೆ ಇಳಿಯುವಾಗ ಸದ್ದು ತರಿ ತರಿಯಾಗಿ ಕೇಳಿಸುತ್ತದೆ.

ಡೆಲ್ಟಾ-ಸಿಗ್ಮಾ ಚಿಪ್‌ಗಳಿಗೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಒಳ್ಳೆಯವುಗಳಲ್ಲಿ ವಿಕೃತಿ, ಗದ್ದಲ ಎರಡೂ ಸೇರಿ ಸಂಗೀತಕ್ಕಿಂತ 110 ಡೆಸಿಬಲ್ ಕೆಳಗೆ, ಅಂದರೆ 0.0003% ಆಸುಪಾಸು. ಸ್ಪೀಕರ್ ಕೆಳಸ್ಥಾಯಿಯಲ್ಲಿ ತಾನೇ ಶೇಕಡಾ ಒಂದರ ಹತ್ತಿರ ವಿಕೃತಿ ಸೇರಿಸುತ್ತದೆ, ಕೋಣೆಯ ಗೋಡೆಗಳು ಬಾಸ್‌ನಲ್ಲಿ 10 ಡೆಸಿಬಲ್ ಏರಿಳಿತ ಕೊಡುತ್ತವೆ. ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದರೆ ಆಗುವ ಬದಲಾವಣೆ ಯಾವ ಡ್ಯಾಕ್ ಬದಲಾವಣೆಗಿಂತಲೂ ದೊಡ್ಡದು.

"ಎಲ್ಲ ಒಂದೇ" ಅನ್ನುವುದನ್ನೂ ಒಪ್ಪಲ್ಲ. ಔಟ್‌ಪುಟ್ ಮಟ್ಟ, ಫಿಲ್ಟರ್, ಗ್ರೌಂಡ್ ನಿಭಾಯಿಸುವ ರೀತಿ ಬೇರೆ ಬೇರೆ. ಇನ್ನೊಂದು ವಿಷಯ ಬ್ರೋಷರ್‌ನಲ್ಲಿ ಬರಲ್ಲ. ಇತ್ತೀಚಿನ ಗಟ್ಟಿ ಮಾಸ್ಟರಿಂಗ್‌ನ (ಬಿಡುಗಡೆಗೆ ಮುಂಚೆ ಮಟ್ಟವನ್ನು ಜೋರಾಗಿಸಿದ) ಹಾಡುಗಳಲ್ಲಿ ಸ್ಯಾಂಪಲ್‌ಗಳು ಗರಿಷ್ಠಕ್ಕೆ ಅಂಟಿಕೊಂಡಿರುತ್ತವೆ. ಅವುಗಳ ನಡುವೆ ಫಿಲ್ಟರ್ ಅಲೆಯನ್ನು ಪೂರ್ತಿ ಮಾಡುವಾಗ ಶಿಖರ ಗರಿಷ್ಠವನ್ನೂ ದಾಟುತ್ತದೆ. ಒಳಗೆ ಜಾಗ ಬಿಟ್ಟ ಡ್ಯಾಕ್ ಅದನ್ನು ತಾಳಿಕೊಳ್ಳುತ್ತದೆ, ಬಿಡದ ಡ್ಯಾಕ್ ಕತ್ತರಿಸುತ್ತದೆ. ಪ್ಲೇಯರ್‌ನ ವಾಲ್ಯೂಮನ್ನು 3 ಡೆಸಿಬಲ್ ಇಳಿಸಿ ಇಟ್ಟರೆ ಬಹುತೇಕ ಸಂದರ್ಭಗಳಲ್ಲಿ ಈ ತಲೆನೋವು ಇಲ್ಲ.

ಪ್ರಶ್ನೆ ಕೇಳಿದವರು:
96ರ ಫೈಲ್‌ನಲ್ಲಿ ಕೇಳಿದೆ ಸರ್, ಎರಡು ಮೋಡ್‌ಗೂ ವ್ಯತ್ಯಾಸ ಸಿಗಲಿಲ್ಲ. ಚಾರ್ಜರ್ ಕಿತ್ತರೆ ಮೌಸ್ ಸದ್ದೂ ನಿಲ್ತು. ಕೊನೆಯದಾಗಿ ಎರಡು. ನೂರಾರು ಗಂಟೆ ಬರ್ನ್-ಇನ್ (ಹೊಸದನ್ನು ಓಡಿಸಿ ಪಳಗಿಸುವುದು) ಆಗಲಿ ಅಂತಾರೆ, ಕಾಯಬೇಕಾ? ಈ ಡ್ಯಾಕ್‌ನಲ್ಲಿ ವಾಲ್ಯೂಮ್ ಇದೆಯಲ್ಲ, ಮುಂದೆ ನೇರ ಪವರ್ ಆಂಪ್‌ಗೆ (ತನ್ನದೇ ವಾಲ್ಯೂಮ್ ಗುಂಡಿ ಇಲ್ಲದ ಆಂಪ್) ಕೊಡಬಹುದಾ?

ಉತ್ತರ:
ಬರ್ನ್-ಇನ್‌ಗೆ ಕಾಯಬೇಡಿ. ಆನ್ ಮಾಡಿ ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟರೆ ಸಾಕು. ನೂರಾರು ಗಂಟೆಯಲ್ಲಿ ಬದಲಾಗುವುದು ಹೆಚ್ಚಾಗಿ ಕೇಳುವವರ ಅಭ್ಯಾಸ, ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ.

ನೇರ ಪವರ್ ಆಂಪ್‌ಗೆ ಕೊಡಬಹುದು, ಆದರೆ ಎಚ್ಚರ. ಡ್ಯಾಕ್ ಮೆನುವಿನಲ್ಲಿ ಔಟ್‌ಪುಟ್ "ಫಿಕ್ಸ್ಡ್" ಎಂದಿದ್ದರೆ 4 ವೋಲ್ಟ್ ಪೂರ್ತಿ ಆಂಪ್‌ಗೆ ಹೋಗುತ್ತದೆ, ಮೊದಲ ಸ್ವರಕ್ಕೇ ಟ್ವೀಟರ್ (ಸ್ಪೀಕರ್‌ನ ಮೇಲಿನ ಸ್ವರಗಳ ಭಾಗ) ಸುಟ್ಟುಹೋಗಬಹುದು. "ವೇರಿಯಬಲ್"ಗೆ ಹಾಕಿ, ಆನ್ ಆದಾಗಿನ ವಾಲ್ಯೂಮ್ ಮಿತಿ ಕೆಳಗಿಡಿ, ಸ್ಪೀಕರ್ ಕಿತ್ತು ಮೀಟರ್‌ನಲ್ಲಿ ಒಮ್ಮೆ ನೋಡಿ ಆಮೇಲೆ ಜೋಡಿಸಿ. ಆನ್ ಮಾಡುವಾಗ ಡ್ಯಾಕ್ ಮೊದಲು, ಆಂಪ್ ಆಮೇಲೆ. ಆಫ್ ಮಾಡುವಾಗ ತಿರುಗಾಮುರುಗಾ. ವಾಲ್ಯೂಮ್ ತುಂಬ ಕೆಳಗೇ ಓಡಬೇಕಾಗಿ ಬಂದರೆ ಪವರ್ ಆಂಪ್‌ನ ಗೇನ್ ಕಡಿಮೆ ಮಾಡುವ ಸ್ವಿಚ್ ಇದೆಯಾ ನೋಡಿ, ಇಲ್ಲದಿದ್ದರೆ ನಿಮ್ಮ ಇಂಟಿಗ್ರೇಟೆಡ್ ಆಂಪನ್ನೇ ಇಟ್ಟುಕೊಳ್ಳಿ. ಡ್ಯಾಕ್ ಇಟ್ಟುಕೊಳ್ಳಬೇಕಾ ಅಂತ ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. ಎಕ್ಸ್‌ಎಲ್‌ಆರ್ ಔಟ್, ವಾಲ್ಯೂಮ್, ಎನ್‌ಒಎಸ್ ಈ ಮೂರರಲ್ಲಿ ಎರಡಾದರೂ ದಿನಾ ಬಳಸುವ ಹಾಗಿದ್ದರೆ ಇರಲಿ. ಬರೀ ಆ ಅಗಲವಾದ ವೇದಿಕೆಗಾಗಿ ಆಗಿದ್ದರೆ ವಾಪಸ್ ಕೊಟ್ಟು, ಹಳೆ ಡ್ಯಾಕ್ ಇಟ್ಟುಕೊಂಡು ಆಂಪ್ ವಾಲ್ಯೂಮನ್ನು 4 ಡೆಸಿಬಲ್ ಏರಿಸಿ.